ದಿಗ್ಬೋಯಿಗೆ ಹೋಗಬೇಕಾದವಳು

ಕೋಲಾರ, 17 ನವೆಂಬರ್ 2024, ಭಾನುವಾರ

ತಂಗಿ ಶಾಂತಳ ಮಗ ಗಿರೀಶ ನಿನ್ನೆ ಫೋನು ಮಾಡಿದಾಗ ಇಲ್ಲಿ ಐದು ಗಂಟೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಅವನಿರುವ ಅಸ್ಸಾಮಿನ ಎಣ್ಣೆಯೂರು ದಿಗ್ಬೋಯಿಯಲ್ಲಿ ಆಗಲೇ ಕತ್ತಲಾಗಿ ಬೀದಿದೀಪ ಹತ್ತಿತ್ತಂತೆ. ಆ ಕಡೆಯ ಚಹಾ ತೋಟಗಳವರು ಇದಕ್ಕಾಗಿಯೇ ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟುಕೊಂಡಿರುತ್ತಾರೆಂದೂ, ಅದನ್ನು ಬಾಗಾನ್ ಟೈಮ್ ಎನ್ನುತ್ತಾರೆಂದೂ ಅವನು ಹಿಂದೆ ಹೇಳಿದ್ದ. ಅಸ್ಸಾಮಿನ ವಿಷಯ ಬಂದರೆ ಅವನ ಮಾತು ಸಾಮಾನ್ಯವಾಗಿ ಮಳೆಯಿಂದ ಶುರುವಾಗಿ ಆನೆಗಳಲ್ಲಿ ಮುಗಿಯುತ್ತದೆ. ನಿನ್ನೆ ಮಾತ್ರ ನೇರವಾಗಿ ವಿಷಯಕ್ಕೇ ಬಂದ.

"ಮಾವ, ಅಮ್ಮ ಇನ್ನು ಒಬ್ಬರೇ ಅಲ್ಲಿರುವುದು ಬೇಡ. ಮನೆಗೆ ಬೀಗ ಹಾಕಿಸಿ ಇಲ್ಲಿಗೆ ಕರೆದುಕೊಂಡು ಬನ್ನಿ. ನಾನು ಹೇಳಿದರೆ ಕೇಳುವುದಿಲ್ಲ, ನೀವು ಹೇಳಿದರೆ ಕೇಳುತ್ತಾರೆ."

ಶಾಂತ ನನ್ನ ಮಾತು ಕೇಳುತ್ತಾಳೆಂಬ ನಂಬಿಕೆ ಅವನಿಗೆ ಎಲ್ಲಿಂದ ಬಂತೋ ತಿಳಿಯದು. ಆದರೂ ಅವನು ಮುಂದೆ ಹೇಳಿದ್ದು ನನ್ನನ್ನು ರಾತ್ರಿಯೆಲ್ಲಾ ಕಾಡಿತು. "ಅಮ್ಮನಿಗೆ ಇನ್ನೊಂದು ಗಣಿ ಊರು ಎಂದರೆ ಭಯ. ಆದರೆ ಇದು ಕೆಜಿಎಫ್ ಅಲ್ಲ ಮಾವ. ಇಲ್ಲಿ ಎಣ್ಣೆ ಸಿಕ್ಕಿ ನೂರಮೂವತ್ತು ವರ್ಷದ ಮೇಲಾಯಿತು, ಊರು ಇನ್ನೂ ನಡೆಯುತ್ತಿದೆ. ಈಗ ಸಂಸ್ಕರಣಾಗಾರವನ್ನು ವರ್ಷಕ್ಕೆ ಆರೂವರೆ ಲಕ್ಷ ಟನ್ನಿನಿಂದ ಹತ್ತು ಲಕ್ಷಕ್ಕೆ ಬೆಳೆಸುತ್ತಿದ್ದಾರೆ. ಮುಚ್ಚುವ ಊರಿನಲ್ಲಿ ಯಾರಾದರೂ ದುಡ್ಡು ಸುರಿಯುತ್ತಾರೆಯೇ?"

ಸುರಿಯುತ್ತಾರೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಅವನ ಸಂಭ್ರಮವನ್ನು ಫೋನಿನಲ್ಲಿ ಮುರಿಯಲು ಮನಸ್ಸು ಬರಲಿಲ್ಲ.

ಈ ಎರಡು ಊರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಜಾನ್ ಟೇಲರ್ ಕಂಪನಿಯವರು ಚಿನ್ನಕ್ಕಾಗಿ ಇಲ್ಲಿ ಕೆಜಿಎಫ್‌ಗೆ ಬಂದದ್ದು 1880ರಲ್ಲಿ. ಮಾರ್ಗರೀಟಾದ ಕಲ್ಲಿದ್ದಲಿಗಾಗಿ ರೈಲು ಹಾಕುತ್ತಿದ್ದ ಕಂಪನಿಯವರು ದಿಗ್ಬೋಯಿ ಕಾಡಿನಲ್ಲಿ ಬಾವಿ ಕೊರೆಯಲು ತೊಡಗಿದ್ದು 1889ರಲ್ಲಿ. ಅಲ್ಲಿ 1901ರ ಡಿಸೆಂಬರಿನಲ್ಲಿ ಸಂಸ್ಕರಣಾಗಾರ ಶುರುವಾಯಿತು, ಮರುವರ್ಷ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೂ ಮೊದಲೇ ನಮ್ಮ ಗಣಿಗೆ ಬಂತು. ಗುಡ್ಡದ ಮೇಲೆ ಸಾಹೇಬರ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ತಗ್ಗಿನಲ್ಲಿ ಕೆಲಸಗಾರರ ಸಾಲುಮನೆ: ಗಿರೀಶ ಮೊದಲ ವರ್ಷ ಕಳಿಸಿದ ಫೋಟೋಗಳನ್ನು ನೋಡಿ ಶಾಂತ, "ಇದೇನು, ನಮ್ಮ ಊರ್ಗಾಂನಲ್ಲಿ ಮಳೆ ಬಂದ ಹಾಗಿದೆ" ಎಂದಿದ್ದಳು. ಆನೆಯ ಕಾಲಿಗೆ ಎಣ್ಣೆ ಮೆತ್ತಿಕೊಂಡು ಬಂದದ್ದರಿಂದ ಅಲ್ಲಿ ಎಣ್ಣೆ ಇರುವುದು ತಿಳಿಯಿತೆಂಬ ಕಥೆಯನ್ನು ಅಲ್ಲಿಯವರು ಎಲ್ಲ ಅತಿಥಿಗಳಿಗೂ ಹೇಳುತ್ತಾರಂತೆ. ನಮಗೆ ಆನೆಯೂ ಇರಲಿಲ್ಲ, ಟಿಪ್ಪುವಿನ ಕಾಲಕ್ಕೂ ಹಿಂದಿನಿಂದ ಜನ ಇಲ್ಲಿ ಮಣ್ಣು ತೊಳೆದು ಚಿನ್ನ ಹುಡುಕುತ್ತಲೇ ಇದ್ದರು.

ಹಾಗಿದ್ದೂ ಒಂದು ಊರು ಉಳಿಯಿತು, ಇನ್ನೊಂದು 2001ರ ಫೆಬ್ರವರಿ 28ಕ್ಕೆ ನಿಂತುಹೋಯಿತು. ಇದಕ್ಕೆ ಗಿರೀಶನ ಉತ್ತರ ಸರಳ: ಅಲ್ಲಿ ಎಣ್ಣೆ ಇದೆ, ಇಲ್ಲಿ ಚಿನ್ನ ಮುಗಿಯಿತು. ಆದರೆ ದಿಗ್ಬೋಯಿಯ ಸ್ವಂತ ಬಾವಿಗಳಲ್ಲಿ ಈಗ ಉಳಿದಿರುವುದು ಅಲ್ಪಸ್ವಲ್ಪ ಎಂದು ಹೇಳಿದವನೂ ಅವನೇ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ದಿನಕ್ಕೆ ಏಳು ಸಾವಿರ ಬ್ಯಾರಲ್ ಕೊಡುತ್ತಿದ್ದ ನೆಲ ಅದು. ಯುದ್ಧದ ಅವಸರದಲ್ಲಿ ಅದನ್ನು ಮಿತಿಮೀರಿ ಹಿಂಡಿದರು. ಊರನ್ನು ಉಳಿಸಿದ್ದು ಆ ಬಾವಿಗಳಲ್ಲ. 1953ರಲ್ಲಿ ನಹರ್‌ಕಟಿಯಾದಲ್ಲಿ ಹೊಸ ಎಣ್ಣೆ ಸಿಕ್ಕಿತು, ದುಲಿಯಾಜಾನ್ ಬೆಳೆಯಿತು, ಅಲ್ಲಿಂದ ಕೊಳವೆಯಲ್ಲಿ ಬರುವ ಕಚ್ಚಾ ತೈಲವನ್ನು ಕಾಯಿಸಿ ಬೇರ್ಪಡಿಸುವ ಕೆಲಸ ದಿಗ್ಬೋಯಿಗೆ ಉಳಿಯಿತು. ತನ್ನ ನೆಲದ ಸರಕು ತೀರಿದ ಮೇಲೆ ನೆರೆಯೂರಿನ ಸರಕಿನ ಮೇಲೆ ಬದುಕುವ ವಿದ್ಯೆಯನ್ನು ಆ ಊರು ಕಲಿತಿತ್ತು. ನಮ್ಮ ಗಿರಣಿ ಬದುಕಿದ್ದು ಬಹುಪಾಲು ನಮ್ಮ ಶಾಫ್ಟಿನ ಕಲ್ಲಿನ ಮೇಲೆಯೇ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತಂದ ಒಂದು ಟನ್ ಕಲ್ಲಿನಲ್ಲಿ ಮೂರು ಗ್ರಾಂ ಆಸುಪಾಸು ಚಿನ್ನ ಬಂದರೆ ಹೆಚ್ಚು ಎನ್ನುವ ಕಾಲ ಬಂದಾಗ ಖರ್ಚಿನ ಕಾಗದವೇ ಗಣಿಯನ್ನು ಮುಚ್ಚಿತು. ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆ ಅರವತ್ತರ ದಶಕದಿಂದ ಇದೆ, ನಿಜ. ಆದರೆ ಗಣಿಯಿಂದ ಹೊರಬಿದ್ದವರನ್ನೆಲ್ಲ ಅದೊಂದೇ ಹೊರಲು ಸಾಧ್ಯವಿರಲಿಲ್ಲ.

ಮುಚ್ಚಿದ ವರ್ಷ ನಾನು ರಾಬರ್ಟ್‌ಸನ್‌ಪೇಟೆಯ ಬ್ಯಾಂಕ್ ಶಾಖೆಯ ಕೌಂಟರಿನಲ್ಲಿದ್ದೆ. ಗಣಿ ಕೆಲಸಗಾರರ ಪರಿಹಾರದ ಹಣ ನಮ್ಮ ಲೆಡ್ಜರಿಗೆ ಬಂದು ಬಿದ್ದದ್ದನ್ನೂ, ಅದು ಕರಗಿದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಪಾಸ್‌ಬುಕ್ಕಿನಲ್ಲಿ ಮೇಲೊಂದು ದೊಡ್ಡ ಮೊತ್ತ, ಅದರ ಕೆಳಗೆ ವಾರವಾರವೂ ಹಿಂತೆಗೆದ ಸಾಲುಗಳು. ಮಗಳ ಮದುವೆ, ಬಡ್ಡಿಯವನ ಬಾಕಿ, ಒಂದು ಆಟೋದ ಮುಂಗಡ. ನಂದಿದುರ್ಗ ಗಣಿಯಲ್ಲಿ ಡ್ರಿಲ್ಲಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೆಮ್ಮು ನಿಲ್ಲುವವರೆಗೆ ಕಾದು, ತಮಿಳಿನಲ್ಲಿ ಕೇಳಿದ್ದರು: ಇಷ್ಟನ್ನೂ ಒಟ್ಟಿಗೆ ಕೊಡಬೇಡಿ ಸಾರ್, ಸಂಬಳದ ಹಾಗೆ ತಿಂಗಳು ತಿಂಗಳು ಏಳನೇ ತಾರೀಖು ಕೊಡಲಾಗುವುದಿಲ್ಲವೇ? ನಾನು ಮಾಸಿಕ ಬಡ್ಡಿಯ ಠೇವಣಿಯನ್ನು ವಿವರಿಸಿದೆ. ಅವರು ಕೇಳಿದ್ದು ಬಡ್ಡಿಯನ್ನಲ್ಲ. ಅವರಿಗೆ ಬೇಕಾಗಿದ್ದದ್ದು ಏಳನೇ ತಾರೀಖು.

ಈ ಹೊತ್ತು ಬೆಳಗ್ಗೆ ಬಂಗಾರಪೇಟೆಯ ಮೇಲೆ ಕೆಜಿಎಫ್‌ನ ಶಾಂತಳ ಮನೆಗೆ ಹೋದೆ. ನೀರು ಬಂದ ದಿನವಾದ್ದರಿಂದ ಅವಳು ಡ್ರಮ್ಮುಗಳನ್ನು ತುಂಬಿಸುವುದರಲ್ಲಿ ಮುಳುಗಿದ್ದಳು, ನನಗೂ ಒಂದು ಕೊಡ ಕೈಗೆ ಬಂತು. ನೀರು ನಿಂತ ಮೇಲೆಯೇ ಮಾತು. ಗಿರೀಶ ಹೇಳಿದ್ದನ್ನೆಲ್ಲ, ಹತ್ತು ಲಕ್ಷ ಟನ್ನಿನ ಲೆಕ್ಕವನ್ನೂ ಸೇರಿಸಿ, ಅವಳ ಮುಂದೆ ಇಟ್ಟೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದಳು:

"ಅಣ್ಣಾ, ಅಲ್ಲಿ ಹಳೇ ಕೆಲಸಗಾರರ ಸಾಲುಮನೆಗಳಲ್ಲಿ ಈಗ ಯಾರಿದ್ದಾರೆ?"

ಇಂಥ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾನು ಟನ್ನು, ಬ್ಯಾರಲ್ಲು, ಇಸವಿಗಳಲ್ಲಿಯೇ ಇದ್ದೆ. ಅವಳು ಮುಂದುವರಿಸಿದಳು: "ಊರು ಬೆಳೆಯುತ್ತದೆ ಅಂದರೆ ಏನು? ಕಾರ್ಖಾನೆ ದೊಡ್ಡದಾಗುವುದೋ, ಅಲ್ಲಿಯವರ ಮಕ್ಕಳಿಗೆ ಅಲ್ಲೇ ಕೆಲಸ ಸಿಗುವುದೋ? ನಿಮ್ಮ ಭಾವನ ಅಪ್ಪ ಗಣಿಗೆ ಇಳಿದರು, ಅವರ ಹೆಸರಿನಲ್ಲಿ ಇವರು ಇಳಿದರು. ಗಿರಿಗೆ ಗಣಿ ಇರಲಿಲ್ಲ, ಅವನು ಅಸ್ಸಾಮಿಗೆ ಹೋದ. ಹಾಗೆಯೇ ಅಸ್ಸಾಮಿನ ಹುಡುಗರು ಎಲ್ಲಿಗೆ ಹೋಗಿದ್ದಾರೆ?"

ಬೆಂಗಳೂರಿಗೆ ಬಂದಿದ್ದಾರೆ ಎಂದೆ. ನಮ್ಮ ಕೋಲಾರದ ಬೈಪಾಸಿನ ಹೋಟೆಲುಗಳಲ್ಲಿ, ನರಸಾಪುರದ ಕಾರ್ಖಾನೆಗಳ ಕಾವಲಿನಲ್ಲಿ ಕೂಡ ಅಸ್ಸಾಮಿನ ಹುಡುಗರಿದ್ದಾರೆ. ಅವಳು ನಗಲಿಲ್ಲ, ನಾನೂ ತಮಾಷೆಗೆ ಹೇಳಿದ್ದಲ್ಲ.

ಅಸ್ಸಾಮಿನವರು ಈ ಪ್ರಶ್ನೆಯನ್ನು ನಮಗಿಂತ ಗಟ್ಟಿಯಾಗಿ ಕೇಳಿದವರು. ಐವತ್ತರ ದಶಕದಲ್ಲಿ ತಮ್ಮ ಎಣ್ಣೆಯ ಸಂಸ್ಕರಣಾಗಾರ ತಮ್ಮಲ್ಲಿಯೇ ಆಗಬೇಕೆಂದು ಚಳವಳಿ ಮಾಡಿದರು. 1962ರಲ್ಲಿ ಗುವಾಹಟಿಯ ನೂನ್‌ಮಾಟಿಯಲ್ಲಿ ಒಂದು ಆಯಿತು, ಆದರೆ ಅದಕ್ಕಿಂತ ದೊಡ್ಡದು ಬಿಹಾರದ ಬರೌನಿಗೆ ಹೋಯಿತು, ಎಣ್ಣೆ ಅಷ್ಟು ದೂರ ಕೊಳವೆಯಲ್ಲಿ ಹರಿಯಿತು. ಮುಂದೆ ಎಪ್ಪತ್ತರ ದಶಕದ ಕೊನೆಯಲ್ಲಿ ರಕ್ತ ಕೊಟ್ಟೇವು, ಎಣ್ಣೆ ಕೊಡೆವು ಎಂದು ಬೀದಿಗಿಳಿದರು. ನಾವು ಇಲ್ಲಿಂದ ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ ಚಿನ್ನ ಹೋಗುವುದನ್ನು ನೋಡಿದೆವು. ಸಂಬಳ, ಬೋನಸ್ಸಿಗೆ ಮುಷ್ಕರವಾದದ್ದುಂಟು. ಚಿನ್ನ ಎಲ್ಲಿಗೆ ಹೋಗುತ್ತದೆಂದು ಕೇಳಿ ಯಾರೂ ರೈಲು ತಡೆದ ನೆನಪಿಲ್ಲ.

ಶಾಂತಳ ದೇವರ ಗೂಡಿನ ಪಕ್ಕದಲ್ಲಿ ದಪ್ಪ ಬಿಳಿ ಮೇಣದಬತ್ತಿಗಳ ಒಂದು ಕಟ್ಟು ಇದೆ. ದಿಗ್ಬೋಯಿಯ ಕಚ್ಚಾ ತೈಲದಲ್ಲಿ ಮೇಣ ಹೆಚ್ಚು. ಅಲ್ಲಿಯ ಸಂಸ್ಕರಣಾಗಾರ ಪೆಟ್ರೋಲು, ಡೀಸೆಲ್ಲಿನಷ್ಟೇ ಮೇಣಕ್ಕೂ ಹೆಸರಾದದ್ದು. ಗಿರೀಶ ಕಳೆದ ಸಲ ತಂದದ್ದರಲ್ಲಿ ಒಂದೆರಡು ಮಾತ್ರ ಖರ್ಚಾಗಿವೆ, ಬುಡದಲ್ಲಿ ಗಿರೀಶನ ಮಗಳು ಉಗುರಿನಿಂದ ಕೊರೆದ ಹೂವು ಹಾಗೆಯೇ ಇದೆ. "ಅವರ ಊರಿನ ಸರಕು ಮನೆಗಾದರೂ ಬರುತ್ತದೆ" ಎಂದಳು ಶಾಂತ. ಭಾವ ಶಿಫ್ಟು ಮುಗಿಸಿ ಬರುವಾಗ ಗೇಟಿನಲ್ಲಿ ಬಟ್ಟೆ ಬಿಚ್ಚಿಸಿ, ಬಾಯಿ ತೆರೆಸಿ ನೋಡುತ್ತಿದ್ದುದನ್ನು ಅವಳು ಎಂದೂ ಮರೆತವಳಲ್ಲ. ಅವರು ಮನೆಗೆ ತಂದದ್ದು ಎದೆಯೊಳಗಿನ ಧೂಳನ್ನು ಮಾತ್ರ.

ಬಾಗ್‌ಜಾನಿನ ಮಾತನ್ನು ನಾನಾಗಿ ಎತ್ತಲಿಲ್ಲ, ಅವಳೇ ಎತ್ತಿದಳು. 2020ರ ಮೇ 27ರಂದು ತಿನ್ಸುಕಿಯಾ ಜಿಲ್ಲೆಯ ಆ ಅನಿಲ ಬಾವಿ ಸಿಡಿದು, ಜೂನ್ 9ಕ್ಕೆ ಬೆಂಕಿ ಹತ್ತಿ, ಅದು ಪೂರ್ತಿ ಆರಿದ್ದು ನವೆಂಬರ್ ತಿಂಗಳಲ್ಲಿ. ಅಗ್ನಿಶಾಮಕದ ಇಬ್ಬರು ಸತ್ತರು, ಸುತ್ತಲಿನ ಹಳ್ಳಿಗಳವರು ಶಿಬಿರ ಸೇರಿದರು, ಬೆಂಕಿ ಹತ್ತುವುದಕ್ಕೂ ಮುಂಚೆ ಚಹಾ ಗಿಡಗಳ ಎಲೆಯ ಮೇಲೆ ಎಣ್ಣೆಯ ಹನಿ ಕೂತಿತ್ತು. ಆ ತಿಂಗಳುಗಳಲ್ಲಿ ಗಿರೀಶ ಪ್ರತಿ ರಾತ್ರಿ ತಾಯಿಗೆ ಫೋನು ಮಾಡಿ, ನಮಗೂ ಅದಕ್ಕೂ ಬಹಳ ದೂರ ಎನ್ನುತ್ತಿದ್ದ. ಗಣಿಯಲ್ಲಿ ಬಂಡೆ ಸಿಡಿದು ಮನೆಯ ಪಾತ್ರೆ ಅಲುಗಿದಾಗ ಭಾವ ಹೇಳುತ್ತಿದ್ದದ್ದೂ ಅದನ್ನೇ, ನಮ್ಮ ಶಾಫ್ಟಿಗೂ ಅದಕ್ಕೂ ದೂರ ಎಂದು.

ನಾನು ಅವಳನ್ನು ಒಪ್ಪಿಸಲು ಹೋದವನು. ಹಾಗೆ ನೋಡಿದರೆ ಅವಳು ಇಲ್ಲಿಯೇ ಇರಬೇಕೆನ್ನುವುದಕ್ಕೆ ನನ್ನಲ್ಲಿ ಕಾರಣವೇ ಇಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿರುವ ಊರು ಬೆಳಗಾಗುವ ಮುಂಚೆಯೇ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೊರಟುಬಿಡುತ್ತದೆ, ಹಗಲಿನಲ್ಲಿ ಬೀದಿಯಲ್ಲಿ ಸಿಗುವವರು ಮುದುಕರು ಮತ್ತು ಶಾಲೆಯ ಮಕ್ಕಳು. ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಸೈನೈಡ್ ಗುಡ್ಡದ ಮೂರು ಕೋಟಿ ಟನ್ನಿಗೂ ಮೀರಿದ ಮಣ್ಣಿನಲ್ಲಿ ಉಳಿದಿರುವ ಚಿನ್ನವನ್ನು ತೆಗೆಯಲು ಈ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಾಗ ಬೀದಿಯಲ್ಲಿ ಒಂದಷ್ಟು ದಿನ ಅದೇ ಮಾತಾಯಿತು. ಶಾಂತ ಆ ಗುಡ್ಡದ ಧೂಳನ್ನು ಆಷಾಢದಲ್ಲಿ ಅನ್ನದ ತಟ್ಟೆಯಿಂದ ಒರೆಸಿದವಳು. ಗುಡ್ಡ ಹೋದರೆ ಸಾಕು, ಚಿನ್ನ ಯಾರಾದರೂ ಇಟ್ಟುಕೊಳ್ಳಲಿ ಎಂದು ಸುಮ್ಮನಾದಳು.

ಊಟವಾದ ಮೇಲೆ ಅವಳೇ ಒಂದು ದಾರಿ ಹುಡುಕಿದಳು. ಸಂಕ್ರಾಂತಿ ಮುಗಿಸಿಕೊಂಡು ಹೊರಡುತ್ತಾಳೆ, ಯುಗಾದಿಗೆ ಹಿಂದಿರುಗುತ್ತಾಳೆ. ಬೀಗದ ಕೈ ಪಕ್ಕದ ಮನೆಯ ಮೇರಿಯಮ್ಮನ ಬಳಿ ಇರುತ್ತದೆ, ನೀರು ಬಂದ ದಿನ ಅವರು ಇವಳ ಡ್ರಮ್ಮನ್ನೂ ತುಂಬಿಸಿಡುತ್ತಾರೆ. ಇಲ್ಲದವಳ ಡ್ರಮ್ಮಿಗೆ ನೀರೇಕೆ ಎಂದು ಕೇಳಿದೆ. ಡ್ರಮ್ಮು ಒಣಗಿದರೆ ಪಕ್ಕದವರೂ ಮನೆ ಖಾಲಿ ಎಂದು ತಿಳಿಯುತ್ತಾರೆ ಎಂದಳು. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೂ ಒಂದು ಕೇಳಿದಳು: ಗಿರಿ ನಿವೃತ್ತನಾದ ಮೇಲೆ ಆ ಕ್ವಾರ್ಟರ್ಸು ಬಿಡಬೇಕಲ್ಲ, ಆಮೇಲೆ ಎಲ್ಲಿರುತ್ತಾನೆ?

ರಾತ್ರಿ ಅವನಿಗೆ ಎಲ್ಲವನ್ನೂ ಹೇಳಿದೆ. ಸಾಲುಮನೆಗಳಲ್ಲಿ ಯಾರಿದ್ದಾರೆಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, ಈಗ ಕಾಯಂ ನೌಕರರಿಗಿಂತ ಗುತ್ತಿಗೆಯವರೇ ಹೆಚ್ಚು ಮಾವ, ಅವರು ಊರಾಚೆ ಬಾಡಿಗೆಗೆ ಇರುತ್ತಾರೆ ಎಂದ. ಬೆಳೆಸುತ್ತಿರುವ ಕಾರ್ಖಾನೆಯಲ್ಲಿ ಕಾಯಂ ಕೆಲಸ ಎಷ್ಟು ಹೆಚ್ಚುತ್ತವೆ ಎಂಬ ಪ್ರಶ್ನೆಗೆ, ಅದೆಲ್ಲ ಈಗ ಯಂತ್ರದ ಕೆಲಸ ಎಂದು ನಕ್ಕ. ಕ್ವಾರ್ಟರ್ಸಿನ ಮಾತಿಗೆ, "ಅದಕ್ಕೆ ಇನ್ನೂ ಇಪ್ಪತ್ತು ವರ್ಷ ಇದೆ" ಎಂದ. ಅವನ ಅಪ್ಪನೂ ಕೈಬೆರಳು ಎಣಿಸಿ ಅಷ್ಟೇ ವರ್ಷ ಹೇಳುತ್ತಿದ್ದ ಸಂಜೆಗಳು ನನಗೆ ಗೊತ್ತು. ಗಿರೀಶನಿಗೆ ಆಗ ಮಾತು ತಿಳಿಯುವ ವಯಸ್ಸಲ್ಲ.

ಬೆಂಗಳೂರಿನಿಂದ ನ್ಯೂ ತಿನ್ಸುಕಿಯಾಗೆ ವಾರಕ್ಕೊಮ್ಮೆ ಹೊರಡುವ ರೈಲಿನಲ್ಲಿ ಜಾಗ ನೋಡಬೇಕು. ಹಿಂದಿರುಗುವ ಟಿಕೆಟ್ಟನ್ನೂ ಈಗಲೇ ಮಾಡಿಸು ಎಂದು ಶಾಂತ ಹಟ ಹಿಡಿದಿದ್ದಾಳೆ, ಅದೊಂದನ್ನು ಮಾತ್ರ ಮಾಡಿಸಬೇಡಿ ಎಂದು ಗಿರೀಶ. ಈ ತಿಂಗಳ ಒಂದರಿಂದ ಅರವತ್ತು ದಿನಕ್ಕಿಂತ ಮುಂಚೆ ಕಾಯ್ದಿರಿಸುವಂತಿಲ್ಲ ಎಂದು ರೈಲ್ವೆಯವರು ನಿಯಮ ಬದಲಿಸಿರುವುದರಿಂದ ಯುಗಾದಿಯ ಟಿಕೆಟ್ಟಿನ ಮಾತು ಸದ್ಯಕ್ಕೆ ಏಳುವುದೇ ಇಲ್ಲ. ಆದರೆ ಇದನ್ನು ಶಾಂತಳಿಗೆ ಹೇಳಿದರೆ, ಹಾಗಾದರೆ ಹೋಗುವ ಟಿಕೆಟ್ಟನ್ನೂ ಆಗಲೇ ನೋಡೋಣ ಎನ್ನುತ್ತಾಳೆ.