ಮುನೀಮರ ಕಣ್ಣಿಗೆ ವಿಭೂತಿಯಾದ ಮೆನು

ಹೋದ ವರ್ಷ ಕಲಬುರಗಿಯ ಗಂಜ್‌ನಲ್ಲಿ ಒಂದು ಅಡತ್ (ದಲಾಲಿ) ಅಂಗಡಿಗೆ ಆ್ಯಪ್ ಮಾಡಿಕೊಡುವ ಕೆಲಸ ಹಿಡಿದಿದ್ದೆ. ರೈತರು ತಂದ ತೊಗರಿಯ ತೂಕ ಬರೆದುಕೊಳ್ಳಬೇಕು, ದಿನದ ದರ ನೋಡಬೇಕು, ಕೊನೆಗೆ ಪಟ್ಟಿ, ಅಂದರೆ ಲೆಕ್ಕದ ಚೀಟಿ, ತೆಗೆಯಬೇಕು. ಇಷ್ಟೇ. ಡಿಸೆಂಬರ್‌ನಲ್ಲಿ ಹೊಸ ಮಾಲು ಬರಲು ಶುರುವಾದರೆ ಅಲ್ಲಿ ಯಾರಿಗೂ ಮಾತಾಡಲು ಪುರುಸೊತ್ತು ಇರುವುದಿಲ್ಲ. ಅದಕ್ಕೇ ಅವಸರ.

ಆ್ಯಪ್ ಕಟ್ಟಲು ನಾನು ಬಳಸುವ ಸಾಧನ ಅಯಾನಿಕ್. ಅದರಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿದರೆ, ಯಾವ ಟೆಂಪ್ಲೇಟ್ (ಸಿದ್ಧ ಚೌಕಟ್ಟು) ಬೇಕು ಅಂತ ಅದೇ ಕೇಳುತ್ತದೆ. ಟ್ಯಾಬ್ಸ್, ಸೈಡ್‌ಮೆನು, ಬ್ಲ್ಯಾಂಕ್, ಲಿಸ್ಟ್. ನಾನು ಸೈಡ್‌ಮೆನು ಅಂದೆ. ಯಾಕೆ ಅಂತ ಈಗ ಕೇಳಿದರೆ ಮರ್ಯಾದೆಯ ಉತ್ತರ ಇಲ್ಲ. ಹಿಂದಿನ ಪ್ರಾಜೆಕ್ಟ್‌ನಲ್ಲೂ ಅದೇ ಇತ್ತು, ಸುಮ್ನೆ ಅದನ್ನೇ ಒತ್ತಿದೆ. ಆ ಟೆಂಪ್ಲೇಟ್ ತೆರೆದವರಿಗೆ ಗೊತ್ತು, ಅದರಲ್ಲಿ ಇನ್‌ಬಾಕ್ಸ್, ಔಟ್‌ಬಾಕ್ಸ್, ಟ್ರ್ಯಾಶ್, ಸ್ಪ್ಯಾಮ್ ಅಂತ ಸಾಲು ಇರುತ್ತದೆ. ಇಮೇಲ್ ಓದುವವರಿಗೆ ಕಟ್ಟಿದ ಮನೆ. ನಾನು ಅದರೊಳಗೆ ತೊಗರಿ ಚೀಲ ಇಳಿಸಲು ಹೊರಟಿದ್ದೆ.

ಮೂರು ವಾರ ನನಗೆ ಏನೂ ತೊಂದರೆ ಕಾಣಲಿಲ್ಲ. ಕಾರಣ ಆಮೇಲೆ ತಿಳಿಯಿತು. ಆ ಟೆಂಪ್ಲೇಟ್‌ನಲ್ಲಿ ಸ್ಪ್ಲಿಟ್ ಪೇನ್ ಅಂತ ಒಂದು ಇದೆ. ಪರದೆ 992 ಪಿಕ್ಸೆಲ್ ಅಥವಾ ಅದಕ್ಕಿಂತ ಅಗಲ ಇದ್ದರೆ ಮೆನು ಎಡಗಡೆ ಸದಾ ತೆರೆದೇ ಇರುತ್ತದೆ. ಕಡಿಮೆಯಾದರೆ ಒಳಗೆ ಸರಿದು ಮೂರು ಗೆರೆಯ ಹಿಂದೆ ಅಡಗುತ್ತದೆ. ನಾನು ಕೆಲಸ ಮಾಡಿದ್ದೆಲ್ಲ ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ. ನನ್ನ ಕಣ್ಣೆದುರು ಮೆನು ಯಾವಾಗಲೂ ಇತ್ತು! ಅಂಗಡಿಯ ಲೆಕ್ಕ ಬರೆಯುವ ಮುನೀಮರ ಫೋನಿನ ಅಗಲ 360 ಪಿಕ್ಸೆಲ್.

ಅವರಿಗೆ ಅರವತ್ತರ ಹತ್ತಿರ. ಫೋನ್ ಕೈಗೆ ಕೊಟ್ಟೆ. ತೂಕ ಬರೆದರು. ಆಮೇಲೆ ಸುಮ್ಮನೆ ಪರದೆ ನೋಡುತ್ತಾ ನಿಂತರು.

“ಇದರಾಗ ಪಟ್ಟಿ ಎಲ್ಲದರಿ ಸರ್?”

“ಮ್ಯಾಲ ಎಡಕ್ಕ ಮೂರು ಗೆರಿ ಅವಲ್ರಿ ಕಾಕಾ, ಅದನ್ನ ಒತ್ರಿ.”

“ಹೌದೇನ್ರಿ? ನಾ ಅದು ವಿಭೂತಿ ಗುರುತು ಅಂದ್ಕೊಂಡಿದ್ದೆ ನೋಡ್ರಿ. ಸಾವ್ಕಾರ್ರು ಹಾಕಿಸ್ಯಾರ ಅಂತ.”

ನಕ್ಕೆ. ಆದರೆ ಶರಣಬಸವೇಶ್ವರರ ಊರಲ್ಲಿ ಮೂರು ಅಡ್ಡ ಗೆರೆ ಕಂಡರೆ ಮೊದಲು ನೆನಪಾಗುವುದು ವಿಭೂತಿಯೇ ಅಲ್ವಾ? ಅವರದ್ದೇನೂ ತಪ್ಪಿಲ್ಲ. ಮೇಲಾಗಿ ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಫೋನ್. ಎಡಮೂಲೆಯ ತುದಿಗೆ ಹೆಬ್ಬೆರಳು ಮುಟ್ಟುವುದೇ ಇಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹದಿನೆಂಟು ಚೀಲದ ತೂಕ ಬರೆದು, ನಡುವೆ ದರ ನೋಡಿ ಬಂದರೆ, ಬರೆದದ್ದು ಮಾಯ. ಮೆನುವಿನ ಲಿಂಕುಗಳಲ್ಲಿ ಟೆಂಪ್ಲೇಟ್ ಮೊದಲೇ ‘ರೂಟ್’ ಅಂತ ಬರೆದಿಟ್ಟಿರುತ್ತದೆ. ಅಂದರೆ ಹೊಸ ಪುಟಕ್ಕೆ ಹೋದಾಗ ಹಳೆಯದನ್ನು ಕಿತ್ತು ಹಾಕು ಅಂತ. ಅದನ್ನು ನಾನು ಓದಿಯೇ ಇರಲಿಲ್ಲ. ಮುನೀಮರು ಬೈಯಲಿಲ್ಲ. ಫೋನ್ ಪಕ್ಕಕ್ಕಿಟ್ಟು ಹಳೆಯ ಕೆಂಪು ಲೆಕ್ಕದ ಪುಸ್ತಕ ತೆಗೆದರು. ಬೈದಿದ್ದರೇ ವಾಸಿ ಇತ್ತು.

ಟ್ಯಾಬ್ಸ್‌ಗೆ, ಅಂದರೆ ಪರದೆಯ ಕೆಳಗೆ ಸದಾ ಕಾಣುವ ಗುಂಡಿಗಳ ಸಾಲಿಗೆ, ಬದಲಿಸಿದೆ. ಟೆಂಪ್ಲೇಟ್ ಆಯ್ದದ್ದು ಒಂದು ನಿಮಿಷದಲ್ಲಿ, ಬದಲಿಸಲು ಒಂಬತ್ತು ದಿನ. ಪುಟಗಳ ವಿಳಾಸಗಳೆಲ್ಲ ಟ್ಯಾಬ್‌ಗಳ ಕೆಳಗೆ ಸೇರಬೇಕು. ಹೊರಗೆ ಉಳಿದ ಪುಟ ತೆರೆದರೆ ಕೆಳಗಿನ ಟ್ಯಾಬ್ ಸಾಲೇ ಕಾಣೆಯಾಗುತ್ತದೆ. ಎಲ್ಲ ಲಿಂಕು ಹುಡುಕಿ ತಿದ್ದಿದೆ. ಆದರೆ ಲಾಭ ಅಲ್ಲೇ ಕಂಡಿತು. ಪ್ರತಿ ಟ್ಯಾಬ್ ತನ್ನ ಪುಟಗಳನ್ನು ತಾನೇ ಇಟ್ಟುಕೊಳ್ಳುತ್ತದೆ. ದರ ನೋಡಿ ತೂಕಕ್ಕೆ ಮರಳಿದರೆ ಹದಿನೆಂಟೂ ಚೀಲ ಇದ್ದಲ್ಲೇ ಇರುತ್ತವೆ.

ಕನ್ನಡವೂ ಸ್ವಲ್ಪ ಕಾಡಿತು. ಮೊದಲ ಟ್ಯಾಬ್‌ಗೆ ‘ತೂಕದ ನೋಂದಣಿ’ ಅಂತ ಬರೆದಿದ್ದೆ. ಜಾಗ ಸಾಲದೆ ಅರ್ಧಕ್ಕೇ ಮೂರು ಚುಕ್ಕೆ ಬಂತು. ಅದನ್ನು ‘ತೂಕ’ ಮಾಡಿದೆ. ಇನ್ನು ಅಂದವಾಗಿ ಕಾಣಲಿ ಅಂತ ಸಾಲಿನ ಎತ್ತರ ಬಿಗಿ ಮಾಡಿದ್ದೆ, ಅದು ಒತ್ತಕ್ಷರದ ಕಾಲು ಕತ್ತರಿಸಿತು. ‘ಪಟ್ಟಿ’ ಹೋಗಿ ‘ಪಟಿ’. ಇಂಗ್ಲಿಷ್ ಅಕ್ಷರದಲ್ಲಿ ಪರೀಕ್ಷೆ ಮಾಡಿದರೆ ಇದು ಯಾವತ್ತೂ ಸಿಕ್ಕಿಬೀಳುವುದಿಲ್ಲ.

ಸಾವ್ಕಾರ್ರದ್ದು ಬೇರೆಯೇ ಆಸೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿದೆ, ಅದನ್ನ ಮೊದಲ ಪರದೆಯಲ್ಲೇ ದೊಡ್ಡದಾಗಿ ಹಾಕ್ರಿ ಅಂದರು. ಹಾಕಿದರೆ ತೂಕ ಬರೆಯುವ ಪೆಟ್ಟಿಗೆ ಪರದೆಯಿಂದ ಕೆಳಗೆ ಸರಿದು ಕಾಣದೆ ಹೋಗುತ್ತಿತ್ತು. ಅದನ್ನು ಪಟ್ಟಿಯ ತಲೆಯ ಮೇಲೆ ಚಿಕ್ಕದಾಗಿ ಅಚ್ಚು ಹಾಕಿ ಒಪ್ಪಿಸಿದೆ.

ಸೈಡ್‌ಮೆನುವನ್ನು ಪೂರ್ತಿ ಬಿಟ್ಟೆ ಅಂತಲ್ಲ. ಸಾವ್ಕಾರ್ರ ಮಗ ಒಳಗಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಅವನಿಗೆ ಹನ್ನೊಂದು ಪುಟ ಬೇಕು, ಪರದೆ ಅಗಲ ಇದೆ. ಅವನಿಗೆ ಅದೇ ಸರಿ, ಇನ್ನೂ ಅದೇ ಓಡುತ್ತಿದೆ. ಈಗ ಹೊಸ ಕೆಲಸ ಬಂದರೆ ನಾನು ಟರ್ಮಿನಲ್ ತೆರೆಯುವ ಮೊದಲು ಅಂಗಡಿಗೆ ಹೋಗಿ ಅರ್ಧ ದಿನ ಕೂರುತ್ತೇನೆ. ಫೋನ್ ಯಾವ ಕೈಯಲ್ಲಿದೆ, ಇನ್ನೊಂದು ಕೈಯಲ್ಲಿ ಏನಿದೆ ಅಂತ ನೋಡುತ್ತೇನೆ. ಆಫೀಸಿನಲ್ಲಿ ಇದನ್ನು ಚಹಾ ಕುಡಿಯುವ ನೆಪ ಅಂತಾರೆ. ಅರ್ಧ ನಿಜ.

ಹೋದ ವಾರ ಮುನೀಮರು ಫೋನ್ ಮಾಡಿದ್ದರು. ಹಮಾಲಿ ಲೆಕ್ಕಕ್ಕೂ ಒಂದು ಟ್ಯಾಬ್ ಬೇಕಂತೆ. 360ರಲ್ಲಿ ನಾಲ್ಕು ಅಂದರೆ ತಲಾ 90. ‘ಹಮಾಲಿ’ಗೆ ಒತ್ತಕ್ಷರ ಇಲ್ಲ, ಆರಾಮಾಗಿ ಹಿಡಿಸುತ್ತದೆ. ಶನಿವಾರ ಬಂದು ಹಾಕಿಕೊಡ್ತೀನಿ ಅಂದಿದ್ದೇನೆ.