ಮುಳುಗಿದ ಹಡಗಿನ ಪುಟ

ಇಂದು ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ಪುಟ ನೋಡುತ್ತಾ ಕುಳಿತೆ. ತಟ್ಟೆಯ ಮುಂದೆ ಕೈ ಒಣಗಿದ್ದೂ ತಿಳಿಯಲಿಲ್ಲ.

ಆಂಥನಿ ಆಂಥನಿ ಎಂಬ ಶಸ್ತ್ರಾಗಾರದ ಅಧಿಕಾರಿ 1546ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿಗೆ ಒಪ್ಪಿಸಿದ ಹಡಗುಗಳ ಪಟ್ಟಿ ಅದು. ಒಟ್ಟು 58 ಹಡಗು. ಬಣ್ಣದ ಚಿತ್ರ, ಜೊತೆಗೆ ಕೈಬರಹದಲ್ಲಿ ಫಿರಂಗಿ, ಗುಂಡು, ಮದ್ದು, ಬಿಲ್ಲುಬಾಣಗಳ ಲೆಕ್ಕ.

ನಾನು ನೋಡಿದ್ದು ‘ಮೇರಿ ರೋಸ್’ ಪುಟ. ನಾವಿಕರು 200, ಸೈನಿಕರು 185, ಫಿರಂಗಿಯವರು 30. ಬಾವುಟಗಳೆಲ್ಲ ಹಾರುತ್ತಿವೆ.

ಆದರೆ ಆ ಹಡಗು ಹಿಂದಿನ ವರ್ಷ ಜುಲೈ 19ರಂದೇ ಪೋರ್ಟ್ಸ್‌ಮತ್ ಎದುರಿನ ನೀರಿನಲ್ಲಿ ಮುಳುಗಿತ್ತು. ಒಳಗಿದ್ದವರಲ್ಲಿ ಹೆಚ್ಚಿನವರೂ ಹೋಗಿದ್ದರು. ಪಟ್ಟಿ ಮಾತ್ರ ಅವರನ್ನು ಬಿಟ್ಟುಕೊಟ್ಟಿಲ್ಲ.

ಮುಂದೆ ಈ ಪಟ್ಟಿಯಿದ್ದ ಮೂರು ಸುರುಳಿಗಳಲ್ಲಿ ಎರಡು, ನೌಕಾಡಳಿತದ ಹಿರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ಕೈಸೇರಿದವು. ಆತ ಅವನ್ನು ಕತ್ತರಿಸಿ ಪುಸ್ತಕವಾಗಿ ಕಟ್ಟಿಸಿದ. ಕತ್ತರಿಸಿದ ಎಂದು ಓದಿದಾಗ ಸಂಕಟವಾಯಿತು. ಆದರೂ ಆತನ ಜೋಪಾನದಿಂದಲೇ ಅವು ಕೇಂಬ್ರಿಡ್ಜಿನಲ್ಲಿ ಇಂದಿಗೂ ಉಳಿದಿವೆ.

ಅಪ್ಪನ ಲೆಕ್ಕದ ಪುಸ್ತಕ ನೆನಪಾಯಿತು. ಗೌರಿ ಹಸು ಸತ್ತ ಮೇಲೂ ಎರಡು ತಿಂಗಳು ಅದರ ಹೆಸರು ಬರೆದು, ಹಿಂಡಿಯ ಲೆಕ್ಕದ ಜಾಗವನ್ನು ಖಾಲಿ ಬಿಟ್ಟಿದ್ದರು.

ಸಂಜೆ ಅದನ್ನು ಅಟ್ಟದಿಂದ ಇಳಿಸಬೇಕು.