ಮದ್ದಿಲ್ಲದ ತೋಟೆ: ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಕೆಲಸದ ಟಿಪ್ಪಣಿ

ಹಿಂದಿನ ಟಿಪ್ಪಣಿ ಬರೆದಾಗ, ಫೆಬ್ರುವರಿಯಲ್ಲಿ ಫೀನಿಕ್ಸ್‌ನ ವಿಂಟರ್ ರೇಂಜ್ ಎಂಬ ಕೌಬಾಯ್ ಶೂಟಿಂಗ್ ಸ್ಪರ್ಧೆಗೆ ಹೋಗುವುದೆಂಬ ತೀರ್ಮಾನವೊಂದೇ ಆಗಿತ್ತು. ಆಮೇಲಿನ ನಾಲ್ಕು ತಿಂಗಳಲ್ಲಿ ಹೊಸದಾಗಿ ಮಾಡಿದ ಕೆಲಸಕ್ಕಿಂತ, ಕೆಡಿಸಿಕೊಂಡದ್ದನ್ನು ಬಿಚ್ಚಿ ಮತ್ತೆ ಮಾಡಿದ ಕೆಲಸವೇ ಹೆಚ್ಚು.

ಈ ಆಟದ ಪರಿಚಯವಿಲ್ಲದವರಿಗೆ ಎರಡು ಮಾತು ಹೇಳಬೇಕು. ಕೌಬಾಯ್ ಆಕ್ಷನ್ ಶೂಟಿಂಗ್ 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಅದರ ನಿಯಮಗಳನ್ನು ನೋಡಿಕೊಳ್ಳುವ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ 1987ರಲ್ಲಿ ಸ್ಥಾಪನೆಯಾಯಿತು. ಪ್ರತಿಯೊಬ್ಬರೂ ಹತ್ತೊಂಬತ್ತನೆಯ ಶತಮಾನದ ವಿನ್ಯಾಸದ ನಾಲ್ಕು ಆಯುಧಗಳನ್ನು ಬಳಸುತ್ತಾರೆ: ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆ (ಹ್ಯಾಮರ್) ಎಳೆಯಬೇಕಾದ ಎರಡು ರಿವಾಲ್ವರ್, ಲಿವರ್ ಎಳೆದು ತೋಟೆ ಬದಲಿಸುವ ಒಂದು ರೈಫಲ್, ಒಂದು ಚರೆಕೋವಿ. ಸ್ಪರ್ಧೆ ಸ್ಟೇಜ್ ಎಂಬ ಸುತ್ತುಗಳಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಒಂದು ಸ್ಟೇಜ್‌ಗೆ ರಿವಾಲ್ವರ್‌ಗಳಿಂದ 10, ರೈಫಲ್‌ನಿಂದ 10, ಚರೆಕೋವಿಯಿಂದ ನಾಲ್ಕೋ ಆರೋ ಈಡು. ಗುರಿಗಳೆಲ್ಲ ಹತ್ತಿರದಲ್ಲೇ ನಿಲ್ಲಿಸಿದ ಉಕ್ಕಿನ ಫಲಕಗಳು, ಲೆಕ್ಕಕ್ಕೆ ಬರುವುದು ಸಮಯ. ತಪ್ಪಿದ ಒಂದೊಂದು ಗುಂಡಿಗೂ 5 ಸೆಕೆಂಡು ಸೇರುತ್ತದೆ, ಹೇಳಿದ ಕ್ರಮ ತಪ್ಪಿದರೆ 10 ಸೆಕೆಂಡು. ಪ್ರತಿ ಸದಸ್ಯನೂ ಬೇರೆ ಯಾರೂ ಇಟ್ಟುಕೊಳ್ಳದ ಒಂದು ಅಡ್ಡಹೆಸರನ್ನು ನೋಂದಾಯಿಸಬೇಕು. ನನ್ನದು ‘ಮಲ್ನಾಡ್ ಸ್ಲಿಮ್’. ಅದರ ಎರಡನೆಯ ಪದವನ್ನು ಇನ್ನಾದರೂ ತೆಗೆಸಬಾರದೇ ಎಂಬುದು ನನ್ನ ಹೆಂಡತಿಯ ವಿಚಾರಣೆ.

ಅಕ್ಟೋಬರ್‌ನ ತಿಂಗಳ ಸ್ಪರ್ಧೆ ನಾವಿರುವ ಅಮೆರಿಕದ ಆಲ್ಬುಕರ್ಕಿಯ ಹತ್ತಿರದಲ್ಲೇ ಇತ್ತು. ನಾಲ್ಕನೆಯ ಸ್ಟೇಜ್‌ನಲ್ಲಿ ರೈಫಲ್‌ನಿಂದ ಆರು ಗುಂಡು ಸರಿಯಾಗಿ ಹೋದವು. ಏಳನೆಯದಕ್ಕೆ ‘ಢಂ’ ಎನ್ನುವ ಬದಲು, ಒದ್ದೆ ಪಟಾಕಿಯ ಹಾಗೆ ‘ಟಪ್’ ಎಂಬ ಶಬ್ದವಷ್ಟೇ ಬಂದಿತು. ನನ್ನ ಕೈ ಆಗಲೇ ಲಿವರನ್ನು ಅರ್ಧ ಎಳೆದಿತ್ತು. ಹಿಂದೆ ಟೈಮರ್ ಹಿಡಿದು ನಿಂತಿದ್ದ ಹಿರಿಯರು ನಿಲ್ಲಿಸು ಎಂದು ಕೂಗದಿದ್ದರೆ ಎಂಟನೆಯ ಗುಂಡು ಏಳನೆಯದರ ಬೆನ್ನಿಗೆ ಹೊಡೆದು, ನಳಿಗೆ ಉಬ್ಬುತ್ತಿತ್ತು ಅಥವಾ ಸೀಳುತ್ತಿತ್ತು. ಉಳಿದ ನಾಲ್ಕು ಗುರಿಗಳಿಗೆ 20 ಸೆಕೆಂಡು ದಂಡ ಬಿದ್ದಿತು. ಮನೆಗೆ ಬಂದು ಹಿತ್ತಾಳೆಯ ಸರಳಿನಿಂದ ಮೆಲ್ಲಗೆ ತಟ್ಟಿದಾಗ ನಳಿಗೆಯ ಬುಡದಿಂದ ಸೀಸದ ಗುಂಡು ಹೊರಗೆ ಬಂದಿತು. ಆ ತೋಟೆಯಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಇತ್ತು, ಗುಂಡು ಇತ್ತು, ಮದ್ದು ಇರಲಿಲ್ಲ. ಬಳಸಿದ ಹಿತ್ತಾಳೆಯ ಕೇಸುಗಳಿಗೆ ಮನೆಯಲ್ಲೇ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುವುದು ನನ್ನ ಪದ್ಧತಿ, ಅದನ್ನು ತುಂಬಿದವನೂ ನಾನೇ.

ಹೇಗಾಯಿತೆಂದು ನೆನಪಿಸಿಕೊಳ್ಳಲು ಎರಡು ದಿನ ಹಿಡಿಯಿತು. ತೋಟೆ ತುಂಬುವ ನನ್ನ ಯಂತ್ರದಲ್ಲಿ ನಾಲ್ಕು ಸ್ಥಾನಗಳಿವೆ: ಮೊದಲನೆಯದರಲ್ಲಿ ಹಳೆಯ ಪ್ರೈಮರ್ ಹೊರಬಿದ್ದು, ಕೇಸು ತನ್ನ ಅಳತೆಗೆ ಬಂದು, ಹೊಸ ಪ್ರೈಮರ್ ಕೂರುತ್ತದೆ, ಎರಡನೆಯದರಲ್ಲಿ ಬಾಯಿ ತುಸು ಅಗಲವಾಗಿ ಮದ್ದು ಬೀಳುತ್ತದೆ, ಮೂರನೆಯದರಲ್ಲಿ ಗುಂಡು ಕೂರುತ್ತದೆ, ನಾಲ್ಕನೆಯದರಲ್ಲಿ ಬಾಯಿ ಬಿಗಿಯುತ್ತದೆ. ತಟ್ಟೆಯನ್ನು ಒಂದು ಸ್ಥಾನದಿಂದ ಮುಂದಿನದಕ್ಕೆ ಕೈಯಿಂದಲೇ ತಿರುಗಿಸಬೇಕು. ಪ್ರತಿ ಐವತ್ತಕ್ಕೊಮ್ಮೆ ಮದ್ದು ಬಿದ್ದ ಕೇಸನ್ನು ಎತ್ತಿ, ಮದ್ದನ್ನು ತಕ್ಕಡಿಯ ಬಟ್ಟಲಿಗೆ ಸುರಿದು ತೂಕ ನೋಡುವುದು ನನ್ನ ರೂಢಿ. ಆ ತೋಟೆ ತುಂಬಿದ ದಿನ ರಾತ್ರಿ ಎಂಟಕ್ಕೆ ಹಾಗೆ ಸುರಿದಿದ್ದಾಗಲೇ ಊರಿನಿಂದ ಅಮ್ಮನ ಫೋನ್ ಬಂದಿತು. ಅಲ್ಲಿ ಆಗ ಮರುದಿನದ ಬೆಳಗಿನ ಏಳೂವರೆ. ಅಡಿಕೆಗೆ ಕೊಳೆ ಬಂದ ಸುದ್ದಿಯನ್ನು ಇಪ್ಪತ್ತು ನಿಮಿಷ ಕೇಳಿ ಬಂದವನು, ಖಾಲಿ ಕೇಸನ್ನು ಅದರ ಜಾಗದಲ್ಲಿಟ್ಟು ತಟ್ಟೆ ತಿರುಗಿಸಿದೆ. ಕೌಬಾಯ್ ತೋಟೆಗಳಲ್ಲಿ ಮದ್ದು ಕಡಿಮೆಯಿದ್ದು ಕೇಸಿನ ಬಹುಪಾಲು ಖಾಲಿಯೇ ಉಳಿಯುವುದರಿಂದ, ಮದ್ದು ಬೀಳದಿದ್ದದ್ದಾಗಲಿ ಎರಡು ಸಲ ಬಿದ್ದದ್ದಾಗಲಿ ಓರೆನೋಟಕ್ಕೆ ತಿಳಿಯುವುದಿಲ್ಲ. ಎರಡು ಸಲ ಬಿದ್ದರೆ ಉಕ್ಕಿ ಹೊರಚೆಲ್ಲುವಂಥ ಹಗುರವಾದ ಟ್ರೇಲ್ ಬಾಸ್ ಮದ್ದು ಈ ಆಟದವರಿಗೆ ಪ್ರಿಯವಾಗಿತ್ತು, ಆದರೆ ಕೆಲವು ವರ್ಷಗಳಿಂದ ಅದು ಸಿಗುವುದೇ ಅಪರೂಪವಾಗಿದೆ.

ಆ ಸಲ ತುಂಬಿದ್ದರಲ್ಲಿ 282 ತೋಟೆ ಉಳಿದಿದ್ದವು. ಒಂದೊಂದನ್ನೂ ತೂಗಿದರೆ ಮದ್ದಿಲ್ಲದ್ದು ಸಿಕ್ಕಿಬೀಳುತ್ತದೆ ಎಂದು ಮೊದಲು ಭಾವಿಸಿದೆ. ಅದು ಆಗದ ಮಾತು. ತೂಕವನ್ನು ಅಳೆಯುವುದು ಗ್ರೇನ್‌ಗಳಲ್ಲಿ; ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಬೇರೆ ಬೇರೆ ತಯಾರಕರ ಇಪ್ಪತ್ತು ಖಾಲಿ ಕೇಸುಗಳನ್ನು ತೂಗಿದಾಗ, ಅತಿ ಹಗುರದ್ದಕ್ಕೂ ಅತಿ ಭಾರದ್ದಕ್ಕೂ ಐದು ಗ್ರೇನ್‌ಗಿಂತ ಹೆಚ್ಚು ವ್ಯತ್ಯಾಸ ಬಂದಿತು. ಒಳಗಿನ ಮದ್ದಿನ ತೂಕ ಅದಕ್ಕಿಂತ ಕಡಿಮೆ. ಕೊನೆಗೆ ಮೂರು ಸಂಜೆ ಕುಳಿತು, ಸುತ್ತಿಗೆಯಾಕಾರದ ಪುಲ್ಲರ್‌ನೊಳಗೆ ಒಂದೊಂದೇ ತೋಟೆಯನ್ನಿಟ್ಟು ನೆಲದ ಮರದ ತುಂಡಿಗೆ ಕುಟ್ಟಿ, 282ರ ಗುಂಡುಗಳನ್ನೂ ಕಿತ್ತೆ. ಅವುಗಳಲ್ಲಿ ಇನ್ನೊಂದು ಮದ್ದಿಲ್ಲದ ಕೇಸು ಸಿಕ್ಕಿತು. ಅದೂ ತೂಕಕ್ಕೆಂದು ಎತ್ತಿದ್ದೇ ಇರಬೇಕು. ಊಟಕ್ಕೆ ಕರೆದಾಗಲೂ ನಾನು ಹಾಗೆಯೇ ಎದ್ದು ಹೋಗುವವನು.

ಈಗಿನ ಕ್ರಮ ಬೇರೆ. ತೂಕಕ್ಕೆ ಎತ್ತಿದ ಕೇಸು ಯಂತ್ರಕ್ಕೆ ಮರಳುವುದಿಲ್ಲ, ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಬೀಳುತ್ತದೆ. ಫೋನ್ ಕೋಣೆಯ ಹೊರಗಿರುತ್ತದೆ. ಮೂರನೆಯ ಸ್ಥಾನದ ಮೇಲೆ ಸಣ್ಣ ಎಲ್‌ಇಡಿ ದೀಪ ಅಂಟಿಸಿದ್ದೇನೆ. ಕೇಸಿನೊಳಗೆ ಇಣುಕಿ ಮದ್ದಿನ ಮಟ್ಟವನ್ನು ಕಣ್ಣಾರೆ ನೋಡದೆ ಗುಂಡು ಇಡುವಂತಿಲ್ಲ. ತೀರ್ಥಹಳ್ಳಿಯ ಕಡೆ ನಮ್ಮಜ್ಜನ ಬಳಿ ಬೆಳೆ ರಕ್ಷಣೆಯ ಪರವಾನಗಿಯ ಕೇಪಿನ ಕೋವಿಯಿತ್ತು. ಚುನಾವಣೆ ಬಂದಾಗಲೆಲ್ಲ ಅದು ಪೊಲೀಸ್ ಠಾಣೆಯಲ್ಲಿ ಠೇವಣಿಯಾಗಿ ಕೂರುತ್ತಿತ್ತು. ಹಂದಿ ಕಾಯಲು ಹೋಗುವ ಮುನ್ನ ಅವರು ನಳಿಗೆಯೊಳಗೆ ಗಜವನ್ನು, ಎಂದರೆ ಮದ್ದು ಜಡಿಯುವ ಸರಳನ್ನು, ಬಿಟ್ಟು, ಹೊರಗೆಷ್ಟು ಬೆರಳು ಉಳಿಯಿತೆಂದು ಅಳೆದು ನೋಡುತ್ತಿದ್ದರು. ತಾವೇ ಐದು ನಿಮಿಷದ ಹಿಂದೆ ಈಡು ತುಂಬಿದ್ದರೂ ನೋಡುತ್ತಿದ್ದರು, ನಮಗದು ತಮಾಷೆಯಾಗಿ ಕಾಣುತ್ತಿತ್ತು.

ನವೆಂಬರ್ ಮತ್ತು ಡಿಸೆಂಬರ್ ಕಳೆದದ್ದು ಉದ್ದದ ಲೆಕ್ಕದಲ್ಲಿ. ನನ್ನ ರೈಫಲ್ 1873ರ ವಿಂಚೆಸ್ಟರ್‌ನ ಇಟಲಿಯ ಪ್ರತಿಕೃತಿ. ಅದರಲ್ಲಿ ತೋಟೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತುವ ಹಿತ್ತಾಳೆಯ ಕ್ಯಾರಿಯರ್‌ ಒಂದಿದೆ. ತೋಟೆಯ ಉದ್ದ ಅದಕ್ಕೆ ಹೊಂದಬೇಕು. ತೋಟೆ ಗಿಡ್ಡವಾದರೆ, ಸರದಿಯಲ್ಲಿ ಕಾದಿರುವ ಮುಂದಿನ ತೋಟೆಯ ಅಂಚು ಒಳಗೆ ಇಣುಕಿ ಕ್ಯಾರಿಯರ್ ಮೇಲೇಳುವುದಿಲ್ಲ. ಕೈಗೆ ಪೆಟ್ಟು ಕಡಿಮೆಯಾಗಲೆಂದು ನಾನು 105 ಗ್ರೇನ್‌ನ ಗುಂಡಿಗೆ ಇಳಿದಿದ್ದೆ. ಆ ಗಿಡ್ಡ ಗುಂಡಿನಿಂದ ನೂರಕ್ಕೆ ಐದಾರು ಸಲ ಲಿವರ್ ಅರ್ಧಕ್ಕೆ ನಿಲ್ಲುತ್ತಿತ್ತು. ಮತ್ತೆ 125 ಗ್ರೇನ್‌ಗೆ ಮರಳಿ, .38 ಸ್ಪೆಷಲ್ ತೋಟೆಯ ಒಟ್ಟು ಉದ್ದವನ್ನು 1.45 ಇಂಚಿಗೆ ನಿಲ್ಲಿಸಿದ ಮೇಲೆ ಆ ಕಾಟ ತೀರಿತು. ಹಗುರ ಗುಂಡಿನ ಮೋಹವನ್ನು ನಾನಂತೂ ಬಿಟ್ಟಿದ್ದೇನೆ. ಪ್ರೈಮರ್ ಕೇಸಿನ ತಳದಿಂದ ಕೂದಲೆಳೆಯಷ್ಟು ಒಳಗಿದೆಯೇ ಎಂದು ಪ್ರತಿ ತೋಟೆಯ ಮೇಲೂ ಬೆರಳಾಡಿಸುತ್ತೇನೆ. ಉಬ್ಬಿದ್ದರೆ ರಿವಾಲ್ವರ್‌ನ ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ, ರೈಫಲ್‌ನಲ್ಲಿ ಬೋಲ್ಟ್ ಎಂಬ ಹಿಂಬಾಗಿಲು ಪೂರ್ತಿ ಮುಚ್ಚುವ ಮೊದಲೇ ಸಿಡಿಯುವ ಅಪಾಯವಿದೆ. ಮದ್ದಿನ ಪ್ರಮಾಣವನ್ನು ಬೇಕೆಂದೇ ಇಲ್ಲಿ ಬರೆದಿಲ್ಲ, ಅದನ್ನು ಮದ್ದು ತಯಾರಕರ ಕೈಪಿಡಿಯಲ್ಲೇ ನೋಡಬೇಕು. ನಿಯಮದ ಪ್ರಕಾರ ಗುಂಡು ಸೀಸದ್ದೇ ಆಗಿರಬೇಕು. ವೇಗ ರಿವಾಲ್ವರ್‌ನಲ್ಲಿ ಸೆಕೆಂಡಿಗೆ 1,000 ಅಡಿ, ರೈಫಲ್‌ನಲ್ಲಿ 1,400 ಅಡಿ ಮೀರಬಾರದು. ನನ್ನವು ಆ ಮಿತಿಗಿಂತ ಬಹಳ ಕೆಳಗಿವೆ.

ಪ್ರಯಾಣಕ್ಕೆ ವಿಮಾನವೋ ಕಾರೋ ಎಂಬ ಚರ್ಚೆಯನ್ನು ತಕ್ಕಡಿಯೇ ಮುಗಿಸಿತು. ನನ್ನ ಒಂದು ತೋಟೆ ಸುಮಾರು 13 ಗ್ರಾಂ ತೂಗುತ್ತದೆ. 300 ತೋಟೆಗೆ ಸುಮಾರು 3.9 ಕಿಲೋ, ಅಂಗಡಿಯಿಂದ ತಂದ 75 ಚರೆತೋಟೆಗೆ ಇನ್ನೊಂದು 3 ಕಿಲೋ. ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದು 11 ಪೌಂಡ್, ಎಂದರೆ 5 ಕಿಲೋ. ಬಿಡಿ ಮದ್ದನ್ನೂ ಪ್ರೈಮರನ್ನೂ ಹತ್ತಿಸಿಕೊಳ್ಳುವುದೇ ಇಲ್ಲ. ಹಾಗಾಗಿ ಕಾರು. ಆಯುಧಗಳನ್ನು ಖಾಲಿ ಮಾಡಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಡಿಕ್ಕಿಗೆ ಸೇರಿಸಿ, ತೋಟೆಗಳನ್ನು ಬೇರೆ ಪೆಟ್ಟಿಗೆಯಲ್ಲಿರಿಸಿದೆ. ಗ್ಯಾಲಪ್, ಹಾಲ್‌ಬ್ರುಕ್ ದಾಟಿ ಫ್ಲ್ಯಾಗ್‌ಸ್ಟಾಫ್‌ವರೆಗೆ ಐ-40 ಹೆದ್ದಾರಿ, ಅಲ್ಲಿಂದ ದಕ್ಷಿಣಕ್ಕೆ ಐ-17. ಒಟ್ಟು ಸುಮಾರು 700 ಕಿ.ಮೀ. ಸುಮಾರು 2,100 ಮೀಟರ್ ಎತ್ತರದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ರಸ್ತೆಯ ಎರಡೂ ಬದಿ ಹಿಮವಿತ್ತು. ಎರಡು ಗಂಟೆ ಇಳಿದ ಮೇಲೆ ಸಗ್ವಾರೊ ಕಳ್ಳಿಗಳ ನಡುವೆ ಕೋಟು ಬಿಚ್ಚಬೇಕಾಯಿತು. ಸ್ಪರ್ಧೆ ನಡೆಯುವ ಬೆನ್ ಏವರಿ ಶೂಟಿಂಗ್ ಕೇಂದ್ರ ಹೆದ್ದಾರಿಯ ಪಕ್ಕದಲ್ಲೇ ಇದೆ.

ಸ್ಪರ್ಧೆಯ ವಿಷಯ ಹೆಚ್ಚೇನಿಲ್ಲ. ಇಡೀ ಸ್ಪರ್ಧೆಯಲ್ಲಿ ಮೂರು ಗುಂಡು ತಪ್ಪಿದವು, ಮೂರೂ ರಿವಾಲ್ವರ್‌ನವು. ಒಂದು ಸ್ಟೇಜ್‌ನಲ್ಲಿ ಎಡದಿಂದ 1, 2, 3, ಮತ್ತೆ 2, 1 ಎಂದು ಹೊಡೆಯಬೇಕಿದ್ದ ನೆವಾಡಾ ಸ್ವೀಪ್ ಕ್ರಮವನ್ನು, ಬಾಯಿಪಾಠ ಮಾಡಿಕೊಂಡು ಹೋಗಿಯೂ ಎರಡನೆಯ ರಿವಾಲ್ವರ್‌ನಲ್ಲಿ ಮರೆತು 10 ಸೆಕೆಂಡು ಕಳೆದುಕೊಂಡೆ. ಜೋಡುನಳಿಗೆಯ ಚರೆಕೋವಿಯನ್ನು ಮಡಚಿ ತೆರೆದು ಹಿಂದಕ್ಕೆ ಝಾಡಿಸಿದಾಗ ಖಾಲಿ ತೋಟೆ ತಾನಾಗಿ ಉದುರಬೇಕು. ಒಮ್ಮೆ ಅದು ಉದುರದೆ, ಉಗುರಿನಿಂದ ಕೀಳಬೇಕಾಯಿತು. ಪಟ್ಟಿಯಲ್ಲಿ ನನ್ನ ಹೆಸರು ಅರ್ಧಕ್ಕಿಂತ ಕೆಳಗಿತ್ತು. ರೈಫಲ್ ಮಾತ್ರ ಒಮ್ಮೆಯೂ ನಿಲ್ಲಲಿಲ್ಲ, ಪ್ರತಿ ತೋಟೆಯೂ ಸಿಡಿಯಿತು.

ಸದ್ಯ ಗ್ಯಾರೇಜ್‌ನ ಹೊರಗೆ, ಖಾಲಿ ಕೇಸುಗಳನ್ನು ಉಜ್ಜಿ ಹೊಳೆಯಿಸುವ ಟಂಬ್ಲರ್ ತಿರುಗುತ್ತಿದೆ. ಅದರ ಧೂಳಿನಲ್ಲಿ ಸೀಸ ಇರುವುದರಿಂದ ಒಳಗೆ ಬಿಡುವುದಿಲ್ಲ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಅಡುಗೆಮನೆಗೆ ಪ್ರವೇಶವೂ ಇಲ್ಲ. ಹೊಳೆದು ಬಂದ ಕೇಸುಗಳನ್ನು ತಯಾರಕರ ಪ್ರಕಾರ ವಿಂಗಡಿಸಬೇಕು, ಬಾಯಿ ಸೀಳಿದವನ್ನು ಎಸೆಯಬೇಕು. ಏಪ್ರಿಲ್‌ನ ಸ್ಪರ್ಧೆಗೆ ಇನ್ನೂರು ತೋಟೆ ಬೇಕು. ಪ್ರೈಮರ್ ಒಂದೂವರೆ ಡಬ್ಬಿ ಉಳಿದಿದೆ. ಉಪ್ಪಿನಕಾಯಿಯ ಬಾಟಲಿಯಲ್ಲಿ ಈವರೆಗೆ ಹದಿನಾಲ್ಕು ಕೇಸು ಸೇರಿವೆ.